ಜೋಡಿ ಸೈಕಲ್ಲಿನ ಮುಂದಿನ ಸೀಟು

ಒಬ್ಬರ ಹಿಂದೊಬ್ಬರು ಕೂತು ತುಳಿಯುವ ಜೋಡಿ ಸೈಕಲ್ಲಿನಲ್ಲಿ ಹಿಂದೆ ಕೂತವರಿಗೆ ರಸ್ತೆ ಕಾಣುವುದಿಲ್ಲ, ಮುಂದೆ ಕೂತವರ ಬೆನ್ನು ಕಾಣುತ್ತದೆ. ನೋರೀನ್ ಬೆಬ್ ಮದುವೆಯಾದ ವರ್ಷದಿಂದಲೂ ಗಂಡ ರೋಲಂಡನ ಬೆನ್ನನ್ನೇ ನೋಡುತ್ತ ಇಂಗ್ಲೆಂಡಿನ ಶ್ರಾಪ್‌ಶೈರಿನ ಓಣಿಗಳನ್ನೆಲ್ಲ ಸುತ್ತಿದ್ದಳು. ಹ್ಯಾಂಡಲ್ಲು, ಬ್ರೇಕು, ಗೇರು ಎಲ್ಲ ಅವನ ಕೈಯಲ್ಲಿ. ತುಳಿಯುವುದು ಮತ್ತು ನಂಬುವುದು ಅವಳ ಪಾಲಿನ ಕೆಲಸ. ಹಾಗೆಂದು ಅವಳೇನೂ ಕಣ್ಣು ಮುಚ್ಚಿ ಕೂರುತ್ತಿರಲಿಲ್ಲ. ಮುಂದೆ ಕಾಣದವರಿಗೆ ಅಕ್ಕಪಕ್ಕ ಚೆನ್ನಾಗಿ ಕಾಣುತ್ತದೆ. ಬೇಲಿಯ ಸಂದಿನಲ್ಲಿ ಸಿಕ್ಕಿಕೊಂಡ ಕುರಿಮರಿ, ಯಾರದೋ ಹಿತ್ತಲಲ್ಲಿ ಒಣಗುವ ಬಟ್ಟೆ, ಇಗರ್ಜಿಯ ಗೋಡೆಯ ಮೇಲೆ ಕೂತು ಸಿಗರೇಟು ಸೇದುವ ಪಾದ್ರಿ, ಇವೆಲ್ಲ ರೋಲಂಡನಿಗಿಂತ ಅವಳಿಗೇ ಹೆಚ್ಚು ಗೊತ್ತು.

ಪ್ರತಿ ಭಾನುವಾರ ಊರಿನ ಸೈಕಲ್ ಸಂಘ ಹೊರಡುತ್ತಿತ್ತು, ಮತ್ತು ಪ್ರತಿ ಭಾನುವಾರ ಬೆಬ್ ದಂಪತಿಯ ಜೋಡಿ ಸೈಕಲ್ಲೇ ಎಲ್ಲರಿಗಿಂತ ಮುಂದೆ. ಮುಂದಿರುವವನು ಕೂಗಿ ಹೇಳಬೇಕು, ಹಿಂದಿನವರು ಕೇಳಬೇಕು. ಅದು ಸಂಘದ ಪದ್ಧತಿ. ಗುಂಡಿ ಬಂದರೆ 'ಗುಂಡಿ', ಜಲ್ಲಿ ಬಂದರೆ 'ಜಲ್ಲಿ'. ನಾಲ್ಕು ದಾರಿ ಸೇರುವಲ್ಲಿ ಎರಡೂ ಕಡೆ ನೋಡಿ, ವಾಹನ ಇಲ್ಲದಿದ್ದರೆ 'ಕ್ಲಿಯರ್' ಎಂದು ಕೂಗಿದರೆ ಹಿಂದಿನವರು ತುಳಿಯುವುದನ್ನು ನಿಲ್ಲಿಸದೆ ದಾಟುತ್ತಿದ್ದರು. ಸ್ವತಃ ಕತ್ತು ಹೊರಳಿಸಿ ನೋಡುವುದು ಮುಂದಿನವನ ಮೇಲೆ ಅನುಮಾನ ಪಟ್ಟ ಹಾಗೆ ಎಂದು ಅವರ ಲೆಕ್ಕ. ಈ ಮರ್ಯಾದೆ ಎಂಬುದು ಎಲ್ಲೆಲ್ಲಿ ಹೋಗಿ ಕೂರುತ್ತದೋ ಹೇಳಲಾಗದು. ಅಂತೂ ಅವರು ತಮ್ಮ ಕಣ್ಣಿಗಿಂತ ರೋಲಂಡನ ಗಂಟಲನ್ನು ಹೆಚ್ಚು ನಂಬಿದ್ದರು.

ದಾರಿ ಆರಿಸುವವನೂ ಅವನೇ. ಹಿಂದೆಲ್ಲ ವಾರಕ್ಕೊಂದು ಹೊಸ ಓಣಿ ಹುಡುಕಿ ಎಲ್ಲರನ್ನೂ ಬೆರಗಾಗಿಸುತ್ತಿದ್ದ. ಆದರೆ ಒಂದು ವರ್ಷದಿಂದ ಬರೀ ಕಾರ್ವ್ ಕಣಿವೆಯ ದಾರಿ, ಕೊನೆಗೆ ಮಿಸೆಸ್ ಟಿಪ್ಟನ್ನಳ ಚಹಾದಂಗಡಿ. ಸಂಘದ ಕಾರ್ಯದರ್ಶಿ ಸೆಡ್ರಿಕ್ ಪಾರ್ಡೋ ಸುಮ್ಮನಿರುವ ಆಸಾಮಿಯಲ್ಲ. "ಏನ್ ಗುರುವೇ, ಆ ಅಂಗಡಿ ಬೀನ್ಸ್ ಟೋಸ್ಟನ್ನೇ ಮದುವೆ ಆಗಿಬಿಟ್ಟಿದೀಯಾ ಹೇಗೆ? ನೋರೀನ್, ನೀನು ಸ್ವಲ್ಪ ಹುಷಾರಾಗಿರಮ್ಮ," ಎಂದು ಕಾಲೆಳೆಯುತ್ತಿದ್ದ. ವಯಸ್ಸಾದ ಮೇಲೆ ಪರಿಚಯದ ದಾರಿಯೇ ಹಿತ ಎಂದು ರೋಲಂಡ್ ನಕ್ಕುಬಿಡುತ್ತಿದ್ದ. ನೋರೀನಳೂ ಹಾಗೆಯೇ ಅಂದುಕೊಂಡಿದ್ದಳು.

ಏಪ್ರಿಲ್ ತಿಂಗಳ ಒಂದು ಭಾನುವಾರ, ಕಣಿವೆಯ ಮೊದಲ ನಾಲ್ಕುದಾರಿ ಹತ್ತಿರ ಬಂದಾಗ ನೋರೀನ್ ಬಲಕ್ಕೆ ನೋಡಿದಳು. ಇಳಿಜಾರಿನಲ್ಲಿ ಹಾಲಿನ ಟ್ಯಾಂಕರ್ ಬರುತ್ತಿತ್ತು, ಬಿಸಿಲಿಗೆ ಅದರ ಮೈ ಫಳಫಳ ಹೊಳೆಯುತ್ತಿತ್ತು. ರೋಲಂಡನೂ ಬಲಕ್ಕೆ ಕತ್ತು ತಿರುಗಿಸಿ ನೋಡಿದ. ಇನ್ನೇನು ಬ್ರೇಕು ಹಿಡಿಯುತ್ತಾನೆ ಎಂದು ಅವಳು ಕಾಲು ಸಡಿಲಿಸಿದಳು. ಅವನು "ಕ್ಲಿಯರ್" ಎಂದು ಕೂಗಿ ಬಲವಾಗಿ ತುಳಿದ.

ಅವಳು ಕೂಗಲು ಬಾಯಿ ತೆರೆಯುವಷ್ಟರಲ್ಲಿ ಜೋಡಿ ಸೈಕಲ್ ದಾಟಿಬಿಟ್ಟಿತು. ಹಿಂದಿನವರು ಆ ಮಾತು ನಂಬಿ ನುಗ್ಗಿದರು. ಟ್ಯಾಂಕರಿನ ಚಕ್ರಗಳು ಕಿರುಚಿದವು. ಸೆಡ್ರಿಕ್ ಹ್ಯಾಂಡಲ್ ತಿರುಗಿಸಿ ಚರಂಡಿಗೆ ಬಿದ್ದ, ಕತ್ತಿನ ಕೆಳಗಿನ ಮೂಳೆ ಮುರಿಯಿತು. ಬೇರೆ ಯಾರಿಗೂ ಏನೂ ಆಗಲಿಲ್ಲ. ಚಾಲಕ ಕೆಳಗಿಳಿದು ಬಂದ; ಕೀತ್ ಎಂದು ಅಂಗಿಯ ಮೇಲೆ ಹೆಸರು ಹೊಲಿದಿತ್ತು, ಮುಖ ಬಿಳಿಚಿಕೊಂಡಿತ್ತು. ತಾನು ನಿಧಾನವಾಗಿಯೇ ಬರುತ್ತಿದ್ದೆ, ದಾರಿ ತನ್ನದೇ ಇತ್ತು ಎಂದು ಹೇಳಿದ್ದನ್ನೇ ಹೇಳುತ್ತಿದ್ದ. ಸಂಘದವರು ಅವನ ಮೇಲೆ ಹರಿಹಾಯ್ದರು. ರೋಲಂಡ್ ಕ್ಲಿಯರ್ ಅಂದಮೇಲೆ ಕ್ಲಿಯರ್. ಟ್ಯಾಂಕರ್ ರಾಕ್ಷಸನ ಹಾಗೆ ನುಗ್ಗಿರಬೇಕು. ರೋಲಂಡ್ ಕೂಡ ಹೌದು ಎಂದ. ನೋರೀನ್ ಬಾಯಿ ಬಿಡಲಿಲ್ಲ.

ವಾರ ಕಳೆಯುವುದರೊಳಗೆ ಸೆಡ್ರಿಕ್ ಹಾಲಿನ ಕಂಪನಿಗೆ ದೂರು ಕೊಟ್ಟ, ಉಳಿದವರು ಸಾಕ್ಷಿ ಹೇಳಿದರು. ವಿಚಾರಣೆ ಮುಗಿಯುವ ತನಕ ಕೀತ್‌ನನ್ನು ಕೆಲಸದಿಂದ ದೂರವಿಟ್ಟರು ಎಂಬ ಸುದ್ದಿ ಬಂತು. ಅದನ್ನು ಕೇಳಿದ ಸಂಜೆ ರೋಲಂಡ್ ಅಡಿಗೆಮನೆಯ ನೆಲದ ಮೇಲೆ ಕಾಗದ ಹಾಸಿಕೊಂಡು ಚೈನು ಒರೆಸುತ್ತಿದ್ದ. ನೋಡದೆಯೇ, ಬೆರಳಿನಿಂದ ಮುಟ್ಟಿ ಮುಟ್ಟಿ ಒರೆಸುತ್ತಿದ್ದ. ನೋರೀನ್ ಒಲೆ ಆರಿಸಿದಳು.

"ಆ ಟ್ಯಾಂಕರ್ ನನಗೆ ಕಾಣ್ತು, ರೋಲಂಡ್."

"ನೀನು ಹಿಂದೆ ಕೂತಿರ್ತೀಯ. ನಿನಗೆ ಪಕ್ಕದ್ದೆಲ್ಲ ಕಾಣತ್ತೆ."

"ನೀನೂ ನೋಡಿದೆ. ನೇರ ಅದರ ಮುಖಕ್ಕೇ ನೋಡಿದೆ. ಆಮೇಲೆ ಕ್ಲಿಯರ್ ಅಂದೆ."

ಅವನು ಚೈನು ಕೆಳಗಿಟ್ಟ.

"ನೇರ ನೋಡಿದ್ದೇ ಕಾಣಲ್ಲ ಕಣೆ," ಎಂದ. "ಸುತ್ತಮುತ್ತ ಇರೋದು ಕಾಣತ್ತೆ, ನಡುವೆ ಹೊಗೆ. ಈಗ ನಿನ್ನ ಕೂದಲು ಕಾಣ್ತಿದೆ, ಕಿವಿ ಕಾಣ್ತಿದೆ. ಮುಖ ಇಲ್ಲ."

ಹೋದದ್ದರ ಹಿಂದಿನ ಕ್ರಿಸ್ಮಸ್ಸಿನಿಂದ ಹೀಗಂತೆ. ಡಾಕ್ಟರು ಇನ್ನು ಸರಿಹೋಗುವಂಥದ್ದಲ್ಲ ಎಂದು ಹೇಳಿಬಿಟ್ಟಿದ್ದರಂತೆ. ವರ್ಷಪೂರ್ತಿ ಕಾರ್ವ್ ಕಣಿವೆ ಯಾಕೆ ಎಂದು ನೋರೀನಳಿಗೆ ಆಗ ಅರ್ಥವಾಯಿತು. ಅವನು ಕಣ್ಣಿನಿಂದ ಹೋಗುತ್ತಿರಲಿಲ್ಲ, ನೆನಪಿನಿಂದ ಹೋಗುತ್ತಿದ್ದ. ಅವಳಿಗೆ ಮರುಕಕ್ಕಿಂತ ಮೊದಲು ಬಂದದ್ದು ಸಿಟ್ಟು. ಇಷ್ಟು ದಿನ ತನ್ನ ಜೀವವನ್ನು ಈ ಮನುಷ್ಯನ ಹಟದ ಹಿಂದೆ ಕಟ್ಟಿಕೊಂಡು ಗುಡ್ಡ ಇಳಿದಿದ್ದಳಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಹೇಳಿದ್ದರೆ ನೀವೆಲ್ಲ ಸೇರಿ ಮುಂದಿನ ಸೀಟಿನಿಂದ ಇಳಿಸುತ್ತಿದ್ದಿರಿ ಎಂದ. ಎರಡು ದಿನ ಅವರ ಮನೆಯಲ್ಲಿ ಕೆಟಲ್ಲಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಮೂರನೆಯ ದಿನ ಅವಳು ಶೆಡ್ಡಿನಿಂದ ಸೈಕಲ್ ಹೊರಗೆಳೆದು, ಸ್ಪ್ಯಾನರ್ ಹಿಡಿದು ಮುಂದಿನ ಸೀಟನ್ನು ತನ್ನ ಎತ್ತರಕ್ಕೆ ಇಳಿಸಿದಳು. ಸದ್ದು ಕೇಳಿ ಅವನು ಬಾಗಿಲಿಗೆ ಬಂದ. ಇದನ್ನು ಮಾರಿಬಿಡೋಣ ಎಂದ.

"ಮಾರೋದಾದ್ರೆ ನನ್ನನ್ನೂ ಸೇರಿಸಿ ಮಾರು," ಎಂದಳು ನೋರೀನ್. "ಇನ್ನು ಮುಂದೆ ನಾನು ಮುಂದೆ, ನೀನು ಹಿಂದೆ. ಮತ್ತೆ ಸೆಡ್ರಿಕ್‌ಗೆ ನಿಜ ಹೇಳೋದು ನೀನು. ಎಲ್ಲರ ಎದುರಿಗೆ."

"ಕಣ್ಣು ಹೋಯ್ತು ಅಂತ ಹೇಳ್ತೀನಿ. ಸಾಲದಾ? ಆವತ್ತಿನ ಮಾತು ಯಾಕೆ?"

"ಆ ಕೀತ್ ಮನೇಲಿ ಕೂತಿದಾನೆ, ಅದಕ್ಕೆ."

ಅವನು ಹೇಳುತ್ತೇನೆ ಎನ್ನಲಿಲ್ಲ, ಹೇಳುವುದಿಲ್ಲ ಎಂದೂ ಅನ್ನಲಿಲ್ಲ. ಅವನ ಪರವಾಗಿ ತಾನೇ ಹೇಳಿಬಿಡುವುದು ಸುಲಭವಿತ್ತು. ಆದರೆ ಹಾಗೆ ಮಾಡಿದರೆ ಗಂಡನ ಬಳಿ ಉಳಿದಿರುವ ಒಂದಿಷ್ಟು ಮರ್ಯಾದೆಯನ್ನೂ ತಾನೇ ಕಿತ್ತುಕೊಂಡಂತೆ ಎಂದು ಅವಳಿಗೆ ಅನಿಸಿತು.

ಪಾಳುಬಿದ್ದ ದನದ ಸಂತೆಯ ಅಂಗಳದಲ್ಲಿ ಅವರು ಅಭ್ಯಾಸ ಮಾಡಿದರು. ಅವಳು ಎಡಕ್ಕೆ ವಾಲಿದರೆ ತಾನೇ ನಡೆಸುವ ರೂಢಿಯಿಂದ ಅವನು ಬಲಕ್ಕೆ ವಾಲುತ್ತಿದ್ದ. ಮೂರು ಸಲ ಬಿದ್ದರು. ಒಮ್ಮೆ ಬಿದ್ದಲ್ಲೇ ಕೂತು ನಕ್ಕರು ಕೂಡ. ಭಾನುವಾರದ ಹೊತ್ತಿಗೆ ಅವಳ ಅಂಗೈಯಲ್ಲಿ ಬೊಬ್ಬೆ ಬಂದಿತ್ತು, ಆದರೆ ಸೈಕಲ್ ಹೇಳಿದ ಮಾತು ಕೇಳುತ್ತಿತ್ತು.

ಸಂಘದವರು ಹೊರಟು ಹೋದ ಮೇಲೆ ಇಬ್ಬರೇ ಹೊರಟರು. ಬೇಲಿಗಳು ಬಿಳಿ ಹೂ ಬಿಟ್ಟಿದ್ದವು. ನೋರೀನ್ ಮೊದಲ ಸಲ ರಸ್ತೆಯನ್ನು ರಸ್ತೆಯಾಗಿ ನೋಡಿದಳು. ಇಷ್ಟು ಇಕ್ಕಟ್ಟು, ಇಷ್ಟು ತಿರುವು ಎಂದು ಅವಳಿಗೆ ಗೊತ್ತೇ ಇರಲಿಲ್ಲ, ಹೆದರಿಕೆಯಾಯಿತು. ಗುಂಡಿ, ಜಲ್ಲಿ ಎಂದು ಕೂಗುತ್ತ ಹೋದಳು. ನಾಲ್ಕುದಾರಿಯಲ್ಲಿ ಪೂರ್ತಿ ನಿಲ್ಲಿಸಿ, ಎರಡೆರಡು ಸಲ ನೋಡಿ, ಕ್ಲಿಯರ್ ಎಂದಳು. ಆಗ ಅವನು ತುಳಿದ.

ಅಂಗಡಿಗೆ ಮುಂಚಿನ ಏರಿನಲ್ಲಿ, ಚೈನಿನಿಂದ ಒಂದಕ್ಕೊಂದು ಸೇರಿದ್ದ ಇಬ್ಬರ ಪೆಡಲುಗಳೂ ತಡವರಿಸತೊಡಗಿದವು. ಒಂದು ಕ್ಷಣ ಜೋರು, ಒಂದು ಕ್ಷಣ ಏನೂ ಇಲ್ಲ. ಚೈನು ಕೆಟ್ಟಿತೆಂದುಕೊಂಡಳು. ಆಮೇಲೆ ಗೊತ್ತಾಯಿತು, ಹಿಂದೆ ಅವನು ಅಳುತ್ತಿದ್ದ; ಅಳುವಿನ ನಡುಕ ಅವಳ ಪಾದಕ್ಕೆ ಬರುತ್ತಿತ್ತು. ತಿರುಗಿ ನೋಡುವಂತಿರಲಿಲ್ಲ, ಮುಂದೆ ಕೂತವರು ರಸ್ತೆಯನ್ನೇ ನೋಡಬೇಕು. ಅವನ ಬಗ್ಗೆ ಅವಳಿಗಿದ್ದ ಸಿಟ್ಟೆಲ್ಲ ಆ ಏರಿನಲ್ಲಿ ಕರಗಿತು. ಚಹಾದಂಗಡಿಯ ತಿರುವು ಬಂದರೂ ಅವಳು ತಿರುಗಿಸಲಿಲ್ಲ. ನೇರ ಹೋಗಿ, ಗಿರಣಿಯ ದಾರಿಯಲ್ಲಿ ದೊಡ್ಡದೊಂದು ಸುತ್ತು ಹಾಕಿದಳು. ಗಾಳಿ ಅವನ ಮುಖ ಒರೆಸಲಿ ಎಂದು ಬೇಕೆಂದೇ ನಿಧಾನವಾಗಿ ತುಳಿದಳು. ಪೆಡಲು ಮತ್ತೆ ಒಂದೇ ಸಮನಾದ ಮೇಲೆ ಅಂಗಡಿಯ ಮುಂದೆ ನಿಲ್ಲಿಸಿದಳು.

ಒಳಗೆ ಎಲ್ಲರೂ ಇದ್ದರು. ಸೆಡ್ರಿಕ್‌ನನ್ನು ಅವನ ಮಗಳು ಕಾರಿನಲ್ಲಿ ಕರೆತಂದಿದ್ದಳು. ಕೈಗೆ ಜೋಲಿ ಕಟ್ಟಿತ್ತು. ಯಾರಾದರೂ ತಾಗಿಸಿಯಾರೆಂದು ಅವನು ಗೋಡೆಯ ಮೂಲೆಯಲ್ಲಿ ಕೂತಿದ್ದ. ಕಿಟಕಿಯ ಪಕ್ಕದ ಕುರ್ಚಿ ಯಾವತ್ತೂ ಸೆಡ್ರಿಕ್‌ನದು, ಆದರೆ ಅವತ್ತು ಅಲ್ಲಿ ಕೂತಿದ್ದವನು ಸಂಘಕ್ಕೆ ಹೊಸದಾಗಿ ಸೇರಿದ ಮೇಷ್ಟ್ರು, ಪರ್ಸಿ ಗಫ್. ಎಲ್ಲರ ಮೈಮೇಲೂ ಸಂಘದ ಅದೇ ಹಸಿರು ಅಂಗಿ. ನೋರೀನ್ ಸೈಕಲ್ ಗೋಡೆಗೆ ಒರಗಿಸಿ ಒಳಗೆ ಬರುವಷ್ಟರಲ್ಲಿ ರೋಲಂಡ್ ಮೇಜುಗಳ ನಡುವೆ ಸಲೀಸಾಗಿ ನಡೆದು ಹೋಗಿ ಆ ಕಿಟಕಿಯ ಕುರ್ಚಿಯ ಮುಂದೆ ನಿಂತಿದ್ದ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

"ಸೆಡ್ರಿಕ್," ಎಂದ. "ಆ ಟ್ಯಾಂಕರ್‌ನವನದ್ದು ಏನೂ ತಪ್ಪಿಲ್ಲ ಕಣಯ್ಯ. ನನಗೆ ಅದು ಕಾಣಲೇ ಇಲ್ಲ. ಕಾಣದೇನೇ ಕ್ಲಿಯರ್ ಅಂದುಬಿಟ್ಟೆ."

ಪರ್ಸಿ ಗಫ್ ಬಾಯಿ ತೆರೆದ, ಮುಚ್ಚಿದ. ರೋಲಂಡನ ಕಣ್ಣಿನ ವಿಷಯ ಇನ್ನು ಯಾರಿಗೂ ವಿವರಿಸಬೇಕಾಗಿರಲಿಲ್ಲ. ನೋರೀನ್ ಬಾಗಿಲಲ್ಲೇ ನಿಂತುಬಿಟ್ಟಳು. ಗಂಡ ಯಾರಿಗೆ ಹೇಳುತ್ತಿದ್ದಾನೆಂದು ಕೂಗಿ ಹೇಳಲೋ ಬೇಡವೋ ಅವಳಿಗೆ ತಿಳಿಯಲಿಲ್ಲ.

ಮೂಲೆಯಿಂದ ಸೆಡ್ರಿಕ್ ಎದ್ದ. ಎಡವದಂತೆ, ಸದ್ದಾಗದಂತೆ ಮೇಜುಗಳನ್ನು ಬಳಸಿ ಬಂದ. ಒಳ್ಳೆಯ ಕೈಯಿಂದ ಪರ್ಸಿಯ ತೋಳು ಹಿಡಿದು ಎಬ್ಬಿಸಿ, ಆ ಕುರ್ಚಿಯಲ್ಲಿ ತಾನು ಕೂತ.

"ಇಲ್ಲೇ ಇದೀನಿ, ಗುರುವೇ," ಎಂದ. "ಕೂತ್ಕೋ."