ಶಿವಾನಿಗೆ ಆಗದ ಹಾಲು

ಹುಲ್ಲಹಳ್ಳಿಯ ಆ ಮನೆಯಲ್ಲಿ ಕರೆಯುವ ಹಸು ಮೂರಿದ್ದವು. ದಿನಕ್ಕೆರಡು ಸಲ ಡೈರಿಗೆ ಹಾಲು ಹೋಗುತ್ತಿತ್ತು. ಅದೇ ಮನೆಯ ಒಂದೂವರೆ ವರ್ಷದ ಶಿವಾನಿಗೆ ಮಾತ್ರ ಹಾಲು ಆಗುತ್ತಿರಲಿಲ್ಲ. ಎದೆಹಾಲು ಬಿಡಿಸಿ ಹಸುವಿನ ಹಾಲು ಶುರುಮಾಡಿದಾಗಿನಿಂದ ಭೇದಿ, ಹೊಟ್ಟೆಯುಬ್ಬರ, ಕತ್ತು ಮೊಣಕೈಗಳಲ್ಲಿ ಕೆಂಪು ಗಂಧೆ. ತಾಯಿ ನಯನ ಮಗುವನ್ನು ಎತ್ತಿಕೊಂಡು ನಂಜನಗೂಡಿನ ಮಕ್ಕಳ ಡಾಕ್ಟರ ಹತ್ತಿರ ನಾಲ್ಕು ಸಲ ಅಲೆದಳು. ನಾಲ್ಕನೆಯ ಸಲ ಅವರು ಔಷಧಿ ಬದಲಿಸಲಿಲ್ಲ.

"ಹಾಲು, ಮೊಸರು, ಬೆಣ್ಣೆ ಎಲ್ಲಾ ನಿಲ್ಸಿಬಿಡಿ. ಒಂದು ವರ್ಷ ಬಿಟ್ಟು ನೋಡೋಣ."

"ಮೇಕೆ ಹಾಲು ಕೊಡಬಹುದಾ ಸಾರ್? ಪಕ್ಕದ್ಮನೆ ಚಿಕ್ಕಬಸಮ್ಮ ಹೇಳ್ತಿದ್ರು."

"ಬೇಡಮ್ಮ. ಇಂಥ ಮಕ್ಕಳಿಗೆ ಸಾಮಾನ್ಯವಾಗಿ ಅದೂ ಒಗ್ಗಲ್ಲ. ಸೋಯಾ ಪುಡಿ ಬರ್ದುಕೊಡ್ತೀನಿ. ರಾಗಿ, ಎಳ್ಳು, ಬೇಳೆ, ಸೊಪ್ಪು ಚೆನ್ನಾಗಿ ಕೊಡಿ."

ಮನೆಗೆ ಬಂದು ಹೇಳಿದಾಗ ಅತ್ತೆ ಸಿದ್ದಲಿಂಗಮ್ಮ ಕೊಟ್ಟಿಗೆಯ ಬಾಗಿಲಲ್ಲೇ ನಿಂತರು. "ಮೂರು ಅಸ ಕಟ್ಟಿರೋ ಮನೇಲಿ ಮಗೀಗೆ ಆಲಿಲ್ವಾ? ನನ್ನ ನಾಕು ಮಕ್ಳೂ ಈ ಆಲೇ ಕುಡ್ದು ಬೆಳ್ದೋರು ಕಣವ್ವ."

"ಡಾಕ್ಟ್ರು ಹೇಳಿದ್ದು ಅತ್ತೆ."

ಗಂಡ ಮಲ್ಲಿಕಾರ್ಜುನ್ ಇಬ್ಬರ ಮುಖವನ್ನೂ ನೋಡಿ, ಹಾಲಿನ ಕ್ಯಾನು ಎತ್ತಿಕೊಂಡು ಡೈರಿಗೆ ಹೊರಟ.

ಸೋಯಾ ಪುಡಿಯ ಡಬ್ಬ ಮೈಸೂರಿನಿಂದ ತರಿಸಿದ್ದಾಯಿತು. ಮಗು ಮೊದಲ ಗುಟುಕನ್ನೇ ಉಗುಳಿತು. ಬೆಲ್ಲ ಹಾಕಿದಳು, ಏಲಕ್ಕಿ ಹಾಕಿದಳು, ಬಾಳೆಹಣ್ಣು ಕಿವುಚಿ ಬೆರೆಸಿದಳು. ನಾಲ್ಕು ಚಮಚ ಒಳಗೆ ಹೋದರೆ ಎರಡು ಲಂಗದ ಮೇಲೆ. ಮಗು ಸೊರಗಿಹೋಗುತ್ತದೆಂಬ ಭಯ ನಯನಳಿಗೆ, ಯಾರಾದರೂ ಕದ್ದು ಹಾಲು ಕುಡಿಸಿಯಾರೆಂಬ ಭಯ ಬೇರೆ. ಬಟ್ಟೆ ಒಗೆಯಲು ಹೋದವಳು ಅರ್ಧಕ್ಕೆ ಬಿಟ್ಟು ಒಳಗೆ ಓಡಿ ಬರುವಳು, ಮಗುವಿನ ಬಾಯಿ ಮೂಸಿ ನೋಡುವಳು. ನೆಂಟರು ಬಂದರೆ ಅವರ ಕೈಯಲ್ಲೇನಿದೆ ಎಂದು ಮೊದಲು ನೋಡುವಳು. ಒಂದು ಕಡೆ ಕೂತು ಊಟ ಮಾಡಿದ್ದೇ ನೆನಪಿರಲಿಲ್ಲ.

ಹತ್ತು ದಿನಕ್ಕೆ ಭೇದಿ ನಿಂತಿತು, ಗಂಧೆ ಇಳಿಯಿತು. ಹನ್ನೆರಡನೆಯ ದಿನ ಮತ್ತೆ ಕತ್ತಿನ ಮೇಲೆ ಕೆಂಪು ಕಾಣಿಸಿಕೊಂಡಿತು. ನಯನ ನೇರವಾಗಿ ಅಡಿಗೆಮನೆಗೆ ಹೋದಳು.

"ಕದ್ದು ಹಾಲು ಕೊಟ್ಟಿದ್ದೀರಿ ಅಲ್ವಾ ಅತ್ತೆ?"

ರೊಟ್ಟಿ ತಟ್ಟುತ್ತಿದ್ದ ಸಿದ್ದಲಿಂಗಮ್ಮ ಹೆಂಚಿನ ಮೇಲಿದ್ದ ರೊಟ್ಟಿಯನ್ನು ಮಗುಚಿದರು, ಬೇಯಿಸಿ ತೆಗೆದಿಟ್ಟರು, ಕೈ ತೊಳೆದುಕೊಂಡರು. ಮಧ್ಯಾಹ್ನದ ಬಸ್ಸಿಗೆ ಟಿ. ನರಸೀಪುರದಲ್ಲಿದ್ದ ಮಗಳು ಮಂಗಳಮ್ಮನ ಮನೆಗೆ ಹೊರಟುಹೋದರು.

ಅತ್ತೆ ಹೋದ ಮೇಲೂ ಗಂಧೆ ಇಳಿಯಲಿಲ್ಲ. ಮೂರನೆಯ ದಿನ ಭೇದಿಯೂ ಶುರುವಾಯಿತು. ಈಗ ಮಗುವಿಗೆ ತಿನ್ನಿಸುವ ಕೈ ತನ್ನದೊಂದೇ. ನಯನ ಅಡಿಗೆಮನೆಯ ಡಬ್ಬಗಳನ್ನೆಲ್ಲ ನೆಲಕ್ಕಿಳಿಸಿದಳು. ಏನೇನು ಕೊಟ್ಟೆ? ಅನ್ನ, ಬೇಳೆಕಟ್ಟು, ಬಾಳೆಹಣ್ಣು. ಸೋಯಾ ಉಗುಳಿ ಅತ್ತಾಗಲೆಲ್ಲ ಬಿಸ್ಕತ್ತು, ನೀರಲ್ಲಿ ಅದ್ದಿ. ಹೋದ ವಾರದ ಸಂತೆಯಲ್ಲಿ ತಾನೇ ತಂದಿದ್ದ ಹೊಸ ಬಿಸ್ಕತ್ತು. ಪೊಟ್ಟಣವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂಬದಿಯ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದೇ ಕೂಡಿಸಿ ಓದಿದಳು. ಮೈದಾ, ಸಕ್ಕರೆ, ಎಣ್ಣೆ. ಆಮೇಲೆ ಹಾಲಿನ ಪುಡಿ.

ಉಳಿದ ಬಿಸ್ಕತ್ತನ್ನೆಲ್ಲ ಹಸುವಿಗೆ ಹಾಕಿಬಿಟ್ಟಳು.

ಮರುದಿನ ಬೆಳಿಗ್ಗೆ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ನಂಜನಗೂಡಿಗೆ ಬಂದು, ಅಲ್ಲಿಂದ ನರಸೀಪುರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿಕೊಂಡಳು, ಕೆಡವಿದಳು, ಮತ್ತೆ ಜೋಡಿಸಿದಳು. ಮಂಗಳಮ್ಮನ ಮನೆಯ ಜಗಲಿಯಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ನಯನಳಿಗೆ ಜೋಡಿಸಿದ್ದೊಂದೂ ನೆನಪಾಗಲಿಲ್ಲ.

"ನೀವಲ್ಲ ಅತ್ತೆ. ನಾನೇ. ಬಿಸ್ಕತ್ತಲ್ಲಿ ಹಾಲಿನ ಪುಡಿ ಇತ್ತು. ತಪ್ಪಾಯ್ತು."

ಸಿದ್ದಲಿಂಗಮ್ಮ ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದರು. "ನನ್ಗೂ ಒಂದಿನ ಅನ್ಸಿತ್ತು ಕಣವ್ವ. ಒಂದು ಲೋಟ ಕೊಟ್ರೆ ಏನಾದದು ಅಂತ. ಕಾಯ್ಸಿ ಆರ್ಸಿ ಕೈಲಿಡ್ಕಂಡೂ ನಿಂತಿದ್ದೆ. ಮಗು ನನ್ನ ನೋಡಿ ನಗ್ತು. ಆಲ್ನ ಬಚ್ಚಲಿಗೆ ಸುರ್ದೆ." ಆಮೇಲೆ ಮೊಮ್ಮಗಳ ಕತ್ತು ಸವರಿ ನೋಡಿ, "ಸೋಯಾ ಕುಡೀತದಾ?" ಎಂದರು.

"ಇಲ್ಲ ಅತ್ತೆ."

"ರಾಗಿ ಆಲು ಇಂಡಿ ಕೊಟ್ಟಿದ್ಯಾ?"

"ರಾಗಿ ಗಂಜಿ ಕೊಟ್ಟೆ. ಮುಖ ತಿರುಗಿಸ್ತು."

"ಇಟ್ಟು ಕಲ್ಸಿದ್ರೆ ತರಿತರಿ ಅಂತದೆ, ಎಂಗೆ ಕುಡ್ದಾದು?" ಎಂದು ಎದ್ದರು. ರಾಗಿ ನೆನೆಹಾಕಿದರು. ಮರುದಿನ ಅದನ್ನು ಒರಳಲ್ಲಿ ನುಣ್ಣಗೆ ರುಬ್ಬಿ, ತೆಳುವಾದ ಪಂಚೆಯಲ್ಲಿ ಹಿಂಡಿ, ಬಂದ ಬೆಳ್ಳನೆಯ ರಸಕ್ಕೆ ನೀರು, ಬೆಲ್ಲ ಹಾಕಿ ಕೈಬಿಡದೆ ಕಾಯಿಸಿದರು. ಶಿವಾನಿ ಮೂಸಿತು, ನೆಕ್ಕಿತು, ಅಜ್ಜಿಯ ಮಣಿಕಟ್ಟನ್ನೇ ಹಿಡಿದುಕೊಂಡು ಅರ್ಧ ಲೋಟ ಕುಡಿಯಿತು. ನಯನ ಆ ಇಡೀ ದಿನ ಗಂಟೆಗೊಮ್ಮೆ ಮಗುವಿನ ಹೊಟ್ಟೆ ಮುಟ್ಟಿ ನೋಡಿದಳು. ಏನೂ ಆಗಲಿಲ್ಲ. ಅದರ ಮಾರನೆಯ ದಿನ ಮೂವರೂ ಹುಲ್ಲಹಳ್ಳಿಗೆ ಬಂದರು.

ರಾಗಿ ಹಾಲೊಂದೇ ಸಾಲದು ಎಂದರು ಡಾಕ್ಟರು. ಅದಕ್ಕೇ ಸ್ವಲ್ಪಸ್ವಲ್ಪವಾಗಿ ಸೋಯಾ ಪುಡಿ ಬೆರೆಸಲು ಹೇಳಿದರು. ಬೆಲ್ಲದ ರುಚಿಯಲ್ಲಿ ಮಗುವಿಗೆ ಅದು ಗೊತ್ತಾಗಲಿಲ್ಲ. ಎರಡು ತಿಂಗಳಲ್ಲಿ ತೂಕ ಏರಿತು. ಎರಡೂವರೆ ವರ್ಷ ತುಂಬಿದ ಮೇಲೆ ಡಾಕ್ಟರು, ತಮ್ಮೆದುರಿಗೇ ಒಂದು ಚಮಚ ಮೊಸರು ಕೊಟ್ಟು ನೋಡೋಣ ಎಂದು ಕರೆಸಿದರು. ಮೊಸರು ಕಲಸಿದ ಅನ್ನವನ್ನು ಬಾಯಿಗಿಟ್ಟವರು ಸಿದ್ದಲಿಂಗಮ್ಮ. ನಯನ ಆಸ್ಪತ್ರೆಯ ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಳು.

"ಕೂತ್ಕವ್ವ," ಎಂದರು ಅತ್ತೆ. "ಗಂಟೆ ಆಯ್ತು, ಗಂಧೆ ಎದ್ದಿಲ್ಲ. ಅದು ಆಟ ಆಡ್ತಾ ಅದೆ."