ಸೋಮವಾರದ ಬೂದಿ

ಕಲ್ಲಿದ್ದಲಿಗೂ ಕಾಂಚನಾಳಿಗೂ ಎಲ್ಲಿಂದೆಲ್ಲಿಯ ನಂಟು! ಸಂಖ್ಯಾಶಾಸ್ತ್ರ ಓದಿದ ಹುಡುಗಿ. ತೊಂಬತ್ತಾರರಲ್ಲಿ ಸಿಕ್ಕಿದ್ದು ಮುಂಬೈ ಬಳಿಯ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಪುಟ್ಟ ಲ್ಯಾಬಿನಲ್ಲಿ ಟೆಂಪರರಿ ನೌಕರಿ. ವಿದರ್ಭದ ಗಣಿಯೊಂದರ ಒಂದೇ ಪದರದಿಂದ, ಬೇರೆ ಬೇರೆ ಜಾಗದಲ್ಲಿ ತೆಗೆದ ಕಲ್ಲಿದ್ದಲಿನ ಪುಡಿ ಅಲ್ಲಿಗೆ ಬರುತ್ತಿತ್ತು. ಅದನ್ನು ಸುಟ್ಟು, ಉಳಿದ ಬೂದಿ ತೂಗಬೇಕು. ಬೂದಿ ಹೆಚ್ಚಾದಷ್ಟೂ ಮಾಲು ಕಳಪೆ. ಪದರದ ಗುಣ ಎಲ್ಲಿ ಹೇಗೆ ಬದಲಾಗುತ್ತದೆಂದು ಲೆಕ್ಕ ಹಾಕಿ, ಬೇಲಾಪುರದ ಕಚೇರಿಯಲ್ಲಿ ಗಣಿಯವರಿಗೆ ವಿವರಿಸಬೇಕಾದವಳು ಕಾಂಚನಾ.

“ಇದೊಂದು ಸರಿಯಾಗಿ ಮಾಡು, ನಿನ್ನ ನೌಕರಿ ಪಕ್ಕಾ,” ಎಂದಿದ್ದರು ಲ್ಯಾಬಿನ ಒಡತಿ ಪ್ರಫುಲ್ಲಾ ಮೇಡಮ್.

ಆದರೆ ಆ ಪದರಕ್ಕೆ ತಲೆ ಕೆಟ್ಟಿತ್ತೋ ಏನೋ! ಅಕ್ಕಪಕ್ಕದ ಜಾಗಗಳೆಲ್ಲ ತೆಪ್ಪಗಿರುವಾಗ ನಡುವೆ ಒಂದು ಜಾಗದಲ್ಲಿ ಬೂದಿ ಏಕಾಏಕಿ ಏರಿರುತ್ತಿತ್ತು. ಇನ್ನೆಲ್ಲೋ ದೂರದಲ್ಲಿ ಮತ್ತೊಂದು. ನಡುನಡುವೆ ಕಲ್ಲು ಸೇರಿರಬೇಕೆಂದರು ಮೇಡಮ್. ಕಾಂಚನಾಳ ಮನಸ್ಸು ಒಪ್ಪಲಿಲ್ಲ. ಕಲ್ಲಿದ್ದರೆ ನೆರೆಯ ಜಾಗದಲ್ಲೂ ಒಂದಿಷ್ಟು ಕಾಣಬೇಡವೇ? ಕಲ್ಯಾಣದ ಲೋಕಲ್ ಟ್ರೈನ್‌ನಲ್ಲಿ ನೇತಾಡುತ್ತಲೇ ಯೋಚಿಸಿ, ಅಂಕಿಗಳನ್ನು ಜಾಗದ ಬದಲು ಸುಟ್ಟ ದಿನದ ಪ್ರಕಾರ ಜೋಡಿಸಿ ನೋಡಿದಳು. ಅಯ್ಯೋ ಶಿವನೇ, ಬೂದಿ ಏರಿದ್ದೆಲ್ಲ ಸೋಮವಾರ! ಭೂಮಿಯೊಳಗಿನ ಕಲ್ಲಿದ್ದಲಿಗೆ ವಾರ ಯಾರು ಹೇಳಿಕೊಟ್ಟರು?

ಮುಂದಿನ ಸೋಮವಾರ ಬೇಗ ಬಂದು ಬಾಗಿಲಲ್ಲಿ ನಿಂತಳು. ಪುಡಿ ಸುಡುವ ಭಟ್ಟಿ ನೋಡಿಕೊಳ್ಳುವ ಚನ್ನಪ್ಪ, ಪಕ್ಕದ ದಿವಾ ಊರಿಂದ ಬರುವ ಕಲಬುರಗಿ ಮೂಲದ ಹಿರಿಯ, ತೂಗಿದ ಪುಡಿಯ ಬಟ್ಟಲುಗಳನ್ನು ಸಾಲಾಗಿ ಇಟ್ಟಿದ್ದ. ಕಣ್ಣು ಮುಚ್ಚಿ, ಒಂದೊಂದಕ್ಕೂ ಚಿಟಿಕೆ ವಿಭೂತಿ ಉದುರಿಸಿದ.

“ಕಾಕಾ! ಏನ್ ಮಾಡ್ಲಕತ್ತೀರಿ?”

“ನಿನ್ ನೌಕ್ರಿ ಪಕ್ಕಾ ಆಗ್ಲಿ ಅಂತ ತಂಗಿ. ನೀ ಬಂದಾಗಿಂದ ಪ್ರತಿ ಸೋಮವಾರ ಹಾಕ್ತೀನಿ.”

ಕಾಂಚನಾಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. “ಬಟ್ಟಲದಾಗ ಇರೋದೇ ಒಂದ್ ಗ್ರಾಂ ಪುಡಿ ಕಾಕಾ! ಅದರ ಬೂದಿ ಜೋಡಿ ಇದನ್ನೂ ತೂಗೀವಲ್ರಿ!”

“ದೇವರ ವಿಭೂತಿ ಸೈತ ತೂಕಕ್ಕ ಬರ್ತದೇನು?”

“ತಕ್ಕಡಿ ಭಕ್ತಿ ನೋಡಂಗಿಲ್ಲ, ಕಾಕಾ.”

ಚನ್ನಪ್ಪನ ಮುಖ ಸಪ್ಪಗಾಯಿತು. ಎತ್ತಿಟ್ಟಿದ್ದ ಪುಡಿಯಿಂದ ಸೋಮವಾರದ್ದೆಲ್ಲ ಇಬ್ಬರೂ ಕೂತು ಮತ್ತೆ ಸುಟ್ಟು ತೂಗಿದರು. ಏರಿದ್ದೆಲ್ಲ ಇಳಿಯಿತು. ಪದರದ ಬೂದಿ ಪಡುವಣದಿಂದ ಮೂಡಣಕ್ಕೆ ಮೆಲ್ಲಗೆ ಏರುವುದು ಕನ್ನಡಿಯಂತೆ ಕಂಡಿತು.

“ಮೊದಲು ಎಲ್ಲಿ ಎಡವಿದ್ರಿ?” ಎಂದು ಮೇಡಮ್ ಕಾಂಚನಾಳನ್ನು ಕೇಳಿದರು. ಹೆಸರು ಹೇಳಿದರೆ ಕಾಕಾನ ನೌಕರಿಗೆ ಕುತ್ತು, ಹೇಳದಿದ್ದರೆ ತನ್ನದಕ್ಕೆ. “ನಂದೇ ತಪ್ಪು ಮೇಡಮ್, ನೋಡ್ಕೋಬೇಕಿತ್ತು,” ಎಂದಳು.

“ಏಯ್, ಸುಳ್ಳು!” ಚನ್ನಪ್ಪ ನಡುವೆ ನುಗ್ಗಿದ. “ಮೇಡಮ್, ಗಲತೀ ಮೇರೀ ಹೈ!” ತಪ್ಪು ತನ್ನದೆಂದು ಮುರುಕು ಹಿಂದಿಯಲ್ಲಿ ಎಲ್ಲವನ್ನೂ ಒದರಿದ.

ಮೇಡಮ್ ಸಿಟ್ಟು ಮಾಡಲು ಹೊರಟರು, ಆಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹೊರಗಿನದೇನಾದರೂ ಬಿದ್ದರೆ ಗೊತ್ತಾಗಲೆಂದು, ಇನ್ನು ಮೇಲೆ ಪ್ರತಿ ಸಲವೂ ಒಂದು ಖಾಲಿ ಬಟ್ಟಲನ್ನೂ ಭಟ್ಟಿಗಿಟ್ಟು ತೂಗಿ ನೋಡಬೇಕೆಂದು ಅಪ್ಪಣೆಯಾಯಿತು. ಬೇಲಾಪುರದಲ್ಲಿ ಗಣಿಯವರು ತಲೆದೂಗಿದರು. ಕಾಂಚನಾಳ ನೌಕರಿ ಪಕ್ಕಾ ಆಯಿತು.

ಮರುಸೋಮವಾರ ಚನ್ನಪ್ಪ ವಿಭೂತಿ ಹಿಡಿದು ಭಟ್ಟಿಯಿಂದ ಮಾರು ದೂರ ಪೆಚ್ಚಾಗಿ ನಿಂತಿದ್ದ. ಕಾಂಚನಾ ಬಂದು ತಲೆ ಬಾಗಿಸಿದಳು.

“ಇಲ್ಲಿ ಹಚ್ಚ್ರಿ, ಕಾಕಾ. ಇದನ್ನ ಯಾರೂ ತೂಗಂಗಿಲ್ಲ.”