ಗುರೆಳ್ಳು ಪುಡಿಯಲ್ಲಿ ಹೋದ ದುಡ್ಡು

ಕರಿಯಕ್ಕನ ಮನೆಯಲ್ಲಿ ಎರಡು ತಿಂಗಳಿಂದ ಚಹಾಕ್ಕೆ ಹಾಲಿಲ್ಲ. ಹಾಲಿನ ದುಡ್ಡು, ಎಲೆ ಅಡಿಕೆಯ ದುಡ್ಡು, ಕಾಲಿನ ಕಡಗ ಮಾರಿದ ದುಡ್ಡು ಒಂದು ಡಬ್ಬಿ ಸೇರಿತ್ತು. ಅವಳ ಜೊತೆ ಮಲ್ಲಿಗೆ ಬಿಡಿಸುವ ನಾವು ಹನ್ನೊಂದು ಹೆಂಗಸರು ವಾರದ ಕೂಲಿಯಲ್ಲಿ ಅಷ್ಟಿಷ್ಟು ಹಾಕಿದೆವು. ಇಪ್ಪತ್ತನಾಲ್ಕು ಸಾವಿರವಾಯಿತು.

ಆ ದುಡ್ಡು ಮಸ್ಕತ್‌ಗೆ ಹೋಗಬೇಕಿತ್ತು. ಕರಿಯಕ್ಕನ ಮಗಳು ಲಕ್ಷ್ಮಿದೇವಿ ಅಲ್ಲಿ ಒಬ್ಬ ಮುದುಕಿಯ ಮನೆಗೆಲಸಕ್ಕೆ ಹೋಗಿದ್ದಳು. ಎರಡು ವರ್ಷದ ಕರಾರು ಮುಗಿದು ಏಳು ತಿಂಗಳಾಗಿತ್ತು. ಅಂದಿನಿಂದ ಸಂಬಳ ನಿಂತಿತ್ತು, ಕೆಲಸ ನಿಂತಿರಲಿಲ್ಲ. ಅವಳನ್ನು ಕಳಿಸಿದವನು ಹಡಗಲಿಯ ಏಜೆಂಟ್ ಪ್ರವೀಣಕುಮಾರ್. ಇಲ್ಲಿಂದ ಟಿಕೆಟ್ ದುಡ್ಡು ಹೋದರೆ ಮಾತ್ರ ಮಾಲಕಿ ಪಾಸ್‌ಪೋರ್ಟ್ ಕೊಡುತ್ತಾಳೆ ಎಂದು ತಾಯಿಗೂ ಹೇಳಿದ್ದ, ಫೋನಿನಲ್ಲಿ ಮಗಳಿಗೂ ಹೇಳಿದ್ದ, ಮಾಲಕಿಯನ್ನು ಕೇಳಿ ಸಿಟ್ಟಿಗೇಳಿಸಬೇಡ ಎಂದೂ ಹೆದರಿಸಿದ್ದ.

ದುಡ್ಡು ಕಳಿಸುವುದು ಹೇಗೆ? ಒಂದು ವಾರ ತೋಟದಲ್ಲಿ ಇದೇ ಚರ್ಚೆ. ಒಬ್ಬಳು ಅಂಚೆ ಎಂದಳು. ಇನ್ನೊಬ್ಬಳು, ಹೂವಿನ ಬುಟ್ಟಿ ಹೊಸಪೇಟೆಗೆ ಬಸ್ಸಿನಲ್ಲಿ ಹೋಗುತ್ತದಲ್ಲ, ಹಾಗೆ ಕಂಡಕ್ಟರ್ ಕೈಯಲ್ಲಿ ಕೊಟ್ಟರಾಯಿತು ಎಂದಳು. ನಡುವೆ ಸಮುದ್ರವಿದೆ ಎಂದೆ. ಸಮುದ್ರದವರೆಗೆ ಅವನು ಒಯ್ಯಲಿ, ಮುಂದೆ ನೋಡೋಣ ಎಂದಳು.

ಓಣಿಯಲ್ಲಿ ಎಂ.ಎ. ಓದಿದವಳು ನಾನೊಬ್ಬಳೇ. ಹೋದ ವರ್ಷ ನಮ್ಮವರು ತೀರಿಕೊಂಡ ಮೇಲೆ ನನ್ನನ್ನು ತೋಟದ ಕೆಲಸಕ್ಕೆ ಎಬ್ಬಿಸಿಕೊಂಡು ಹೋದವಳು ಕರಿಯಕ್ಕ. ಆದ್ದರಿಂದ ಬ್ಯಾಂಕಿಗೆ ನಾನೇ ಜೊತೆಗೆ ಹೋದೆ.

ಬ್ಯಾಂಕಿನ ಅರುಣಕುಮಾರ್ ಸಂಭಾವಿತರು. ದುಡ್ಡು ಯಾತಕ್ಕೆ ಎಂದು ಬರೆಯಬೇಕೆಂದರು. ಓದು, ಚಿಕಿತ್ಸೆ, ಪ್ರವಾಸ, ಉಡುಗೊರೆ ಎಂದು ಪಟ್ಟಿ ಓದಿದರು. ಮಗಳನ್ನು ಬಿಡಿಸಿಕೊಳ್ಳುವುದು ಪಟ್ಟಿಯಲ್ಲಿ ಇರಲಿಲ್ಲ.

"ದುಡ್ಡು ಪಡಿಯೋರು ನಿಮಗ ಏನಾಗಬೇಕಮ್ಮ?"

"ಆಕಿ ನನ್ನ ಮಗಳ ಪಾಸ್‌ಪೋರ್ಟ್ ಇಟ್ಕೊಂಡಾಳ್ರಿ. ಅದಕ್ಕ ಏನ್ ಸಂಬಂಧ ಅಂತಾರೋ ಅದನ್ನ ಬರ್ಕೋರಿ."

ಅವರು ಪೆನ್ನು ಕೆಳಗಿಟ್ಟರು. ಕೊನೆಗೆ ಮಾಲಕಿಯ ಖಾತೆ ನಂಬರು ತನ್ನಿ, ಉಳಿದದ್ದು ನೋಡೋಣ ಎಂದರು. ಪ್ರವೀಣಕುಮಾರನನ್ನು ಕೇಳಿದೆವು. ನಂಬರು ಗುಟ್ಟಿನದು, ಹೊರಗೆ ಕೊಡುವಂತಿಲ್ಲ ಎಂದ. ತನ್ನ ಕೈಯಲ್ಲಿ ಕೊಟ್ಟರೆ ಎರಡೇ ನಿಮಿಷದಲ್ಲಿ ಮಸ್ಕತ್ ಮುಟ್ಟಿಸುತ್ತೇನೆ, ನಾಲ್ಕು ಸಾವಿರ ಕಮಿಷನ್ ಎಂದ.

"ನಿಮಿಷಕ್ಕ ಎರಡ್ ಸಾವ್ರ ಆತು," ಎಂದು ಕರಿಯಕ್ಕ ಲೆಕ್ಕ ಹಾಕಿದಳು. "ನಾವು ನಿಧಾನ ಕಳಸ್ತೀವಿ ಬಿಡಪ್ಪ."

ಉಳಿದದ್ದು ಗಾದಿಲಿಂಗ. ಕೂಡ್ಲಿಗಿ ಕಡೆಯ ಗಾರೆ ಕೆಲಸದವನು, ಕರಿಯಕ್ಕನ ತಮ್ಮನ ಅಳಿಯ. ಸೋಮವಾರ ಮಸ್ಕತ್‌ಗೆ ಹೊರಟಿದ್ದ. ಇಪ್ಪತ್ತೈದು ಸಾವಿರದವರೆಗೆ ನಮ್ಮ ನೋಟು ಒಯ್ಯಬಹುದೆಂದು ನಾನು ವಿಚಾರಿಸಿದ್ದೆ. ಹೆದರುವ ಕಾರಣವೇ ಇರಲಿಲ್ಲ. ಆದರೂ ಕರಿಯಕ್ಕ ನೋಟುಗಳನ್ನು ಸುರುಳಿ ಸುತ್ತಿ, ಎರಡು ಕಿಲೋ ಗುರೆಳ್ಳು ಪುಡಿಯ ನಡುವೆ ಹುಗಿದು, ಮೇಲೆ ಕಟಕ ರೊಟ್ಟಿ ಪೇರಿಸಿದಳು. ಚೀಲದಲ್ಲಿ ಇಟ್ಟರೆ ಸಾಲದೇ ಎಂದೆ.

"ಚೀಲದಾಗ ಇಟ್ರ ಕಳ್ಳ ಒಯ್ದು ಹೊಕ್ಕಾನ. ಪುಡಿಯಾಗ ಇಟ್ರ ಉಣ್ಣಾಕ ಕುಂದರ್ತಾನ. ಅಷ್ಟೊತ್ತಿಗೆ ಗಾದಿಲಿಂಗ ಹಿಡೀತಾನ."

ಬುಧವಾರ ಗಾದಿಲಿಂಗನ ಫೋನು ಬಂತು. ದುಡ್ಡು ಮುಟ್ಟಿತ್ತು. ಮುದುಕಿಯ ಮುಂದೆ ಅವನು ಪುಡಿಯಿಂದ ನೋಟು ತೆಗೆದು ಜಾಡಿಸಿದ. ಜಾಡಿಸಬಾರದಿತ್ತು. ಒಣಮೆಣಸಿನಕಾಯಿ ಧಾರಾಳವಾಗಿದ್ದ ಪುಡಿ ಅದು. ಮುದುಕಿ ಸೀನಿದಳು, ಗಾದಿಲಿಂಗ ಸೀನಿದ, ಗೂಡಿನ ಗಿಳಿಯೂ ಸೀನಿತಂತೆ. ಎರಡು ಸೀನಿನ ನಡುವೆ ಮುದುಕಿ ಆಡಿದ್ದನ್ನು ಲಕ್ಷ್ಮಿದೇವಿ ಕನ್ನಡ ಮಾಡಿದಳು. ಇದೇನು ದುಡ್ಡು? ಟಿಕೆಟ್ ದುಡ್ಡನ್ನು ನಾನು ಐದು ತಿಂಗಳ ಹಿಂದೆಯೇ ನಿಮ್ಮ ಏಜೆಂಟನಿಗೆ ಹಾಕಿದ್ದೇನೆ. ಅವನಿಂದ ಟಿಕೆಟ್ ಬರಲಿ ಎಂದು ಕಾಯುತ್ತಿದ್ದೇನೆ.

ಅವಳು ನೋಟು ವಾಪಸ್ ಕೊಟ್ಟಳು. ಪುಡಿ ಇಟ್ಟುಕೊಂಡಳು.

ಕರಿಯಕ್ಕ ಫೋನು ಕೆಳಗಿಟ್ಟಳು. ಆಮೇಲೆ, ನಾಳೆ ಯಾರೂ ತೋಟಕ್ಕೆ ಹೋಗುವುದು ಬೇಡ ಎಂದಳು.

ಗುರುವಾರ ಬೆಳಿಗ್ಗೆ ಐದಕ್ಕೆ ನಾವು ಹನ್ನೆರಡೂ ಜನ ಪ್ರವೀಣಕುಮಾರನ ಅಂಗಡಿಯ ಕಟ್ಟೆ ಮೇಲೆ ಕುಳಿತೆವು. ಅಂಗಡಿ ಮುಂದೆ, ಮನೆ ಹಿಂದೆ. ಹಲ್ಲುಜ್ಜುತ್ತ ಹೊರಬಂದವನು ಬ್ರಷ್ಷು ಬಾಯಲ್ಲೇ ಬಿಟ್ಟ.

ಕರಿಯಕ್ಕ ಒಂದೇ ಮಾತು ಹೇಳಿದಳು. "ಐದು ತಿಂಗಳಿಂದ ನಿನ್ನ ಹಂತೇಕ ಇರೋ ಟಿಕೆಟ್ ಕೊಡು."

ಅವನು ಮೊದಲು ಮುದುಕಿ ಸುಳ್ಳು ಹೇಳುತ್ತಾಳೆ ಎಂದ. ಆಮೇಲೆ ದುಡ್ಡು ದಾರಿಯಲ್ಲಿದೆ ಎಂದ. ಎರಡು ನಿಮಿಷದ ದಾರಿಗೆ ಐದು ತಿಂಗಳೇ ಎಂದು ಕೇಳಿದೆ. ಕೊನೆಗೆ ಕಂಪ್ಯೂಟರ್ ಹಚ್ಚಿ, "ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ," ಎಂದ.

"ಏಳಲಿ," ಎಂದಳು ಕರಿಯಕ್ಕ. "ಅದು ಏಳೋತನಕ ಕುಂದರ್ತೀವಿ." ರೊಟ್ಟಿ ಗಂಟು ಬಿಚ್ಚಿದಳು. ಮನೆಯಲ್ಲಿ ಉಳಿದಿದ್ದ ಗುರೆಳ್ಳು ಪುಡಿಯನ್ನು ಎಲ್ಲರಿಗೂ ಹಂಚಿದಳು. ಗಾಳಿ ಅಂಗಡಿಯ ಕಡೆಗಿತ್ತು. ಒಳಗೆ ಪ್ರವೀಣಕುಮಾರ್ ಸೀನತೊಡಗಿದ.

ಮಲ್ಲಿಗೆಯನ್ನು ಮೊಗ್ಗಿದ್ದಾಗಲೇ ಬಿಡಿಸಬೇಕು. ಬಿಸಿಲೇರಿ ಬಿರಿದರೆ ಪೇಟೆಯಲ್ಲಿ ಕೇಳುವವರಿಲ್ಲ. ಏಳೂವರೆಗೆ ತೋಟದ ಸಾವಕಾರ ಗುರುಬಸವರಾಜ ಸ್ಕೂಟರಿನಲ್ಲಿ ಬಂದರು. ಅವರು ಪ್ರವೀಣಕುಮಾರನ ಸೋದರಮಾವ. ಲಕ್ಷ್ಮಿದೇವಿಯ ವಿಷಯವನ್ನು ನಾವು ಮೂರು ಸಲ ಅವರಿಗೆ ಹೇಳಿದ್ದೆವು. ಮೂರು ಸಲವೂ, ಅದು ಅವನ ವ್ಯವಹಾರ ಎಂದಿದ್ದರು.

"ಏನ್ರವ್ವ ಇದು? ಅಲ್ಲಿ ಹೂ ಬಿರಿಯಾಕ ಹತ್ಯಾವು."

"ಸರ್ವರ್ ಬಿದ್ದೈತ್ರಿ ಸಾವಕಾರ. ಎದ್ದ ಕೂಡ್ಲೆ ಬರ್ತೀವಿ."

ಗುರುಬಸವರಾಜರು ಗಡಿಯಾರ ನೋಡಿದರು, ಬಿಸಿಲು ನೋಡಿದರು, ಒಳಗೆ ಹೋದರು. "ಲೇ ಪ್ರವೀಣ, ನಿನ್ನ ಸರ್ವರ್ ನನ್ನ ನಲವತ್ತು ಕಿಲೋ ಹೂ ತಿಂತೈತಲೇ," ಎಂಬುದು ಬೀದಿಗೆಲ್ಲ ಕೇಳಿಸಿತು.

ಸರ್ವರ್ ಎದ್ದಿತು. ಪ್ರಿಂಟರ್ ಗರ್‍ರೆಂದಿತು. ಟಿಕೆಟ್ಟಿನ ಮೇಲಿನ ಹೆಸರು, ತಾರೀಖು ಗಟ್ಟಿಯಾಗಿ ಓದಿದೆ. ಬರುವ ಮಂಗಳವಾರ. ಕರಿಯಕ್ಕ ಅದನ್ನು ಮಡಿಚಿ ಕುಪ್ಪಸದೊಳಗೆ ಇಟ್ಟುಕೊಂಡು ಎದ್ದಳು. ಗುರುಬಸವರಾಜರು ಸ್ಕೂಟರ್ ಚಾಲು ಮಾಡಿ, ಬೇಗ ನಡೀರಿ ಎಂದರು.

"ಬರ್ತೀವ್ರಿ," ಎಂದು ಕರಿಯಕ್ಕ ಸೀರೆಯ ಪುಡಿ ಜಾಡಿಸಿದಳು. "ಆದ್ರ ನಿಮ್ಮ ಅಳಿಯಗ ಹೇಳಿಡ್ರಿ. ನನ್ನ ಮಗಳ ಏಳು ತಿಂಗಳ ಪಗಾರನ ಆ ಮುದುಕಿ ಹಂತೇಲಿಂದ ಅವನೇ ತರಸ್ಬೇಕು. ನಾಳೆ ಬೆಳಿಗ್ಗಿ ಮತ್ತ ಬಂದು ಕುಂದರ್ತೀವಿ. ನಾಳೆ ಇವತ್ತಿಗಿಂತ ಮೊಗ್ಗು ಭಾಳ ಅದಾವ್ರಿ, ನಾನು ನೋಡೇನಿ."